ಒಂದು ಗೇಣು ಹಿಂದೆ

ವರ್ಲೀನ್ ಟಿಬ್ಸ್ ಯಾವತ್ತೂ ತಾಳಕ್ಕೆ
ಒಂದು ಗೇಣು ಹಿಂದೆ.
ಮೂವತ್ತೊಂದು ವರ್ಷ ಅವಳ ಬೆನ್ನಿಗೆ ನಿಂತು
ಬಾಸ್ ಮೀಟಿದವನು ನಾನು, ಬಲ್ಲೆ.
ತಾಳ ಬಂದು, ಬಸ್ಸಿನಂತೆ ಬಾಗಿಲು ತೆರೆದು ನಿಂತರೆ
ಕೊಡೆ ಮಡಚುತ್ತ ನಿಧಾನಕ್ಕೆ ಹತ್ತುವಳು
ಪದದೊಳಕ್ಕೆ.
ಕಾಯುವ ಕೆಲಸ ನನ್ನದು.

ಪತ್ರಿಕೆಯವರು ಕೊಂಡಾಡಿದ್ದು ಅದನ್ನೇ.
ಟೊರಾಂಟೋದಲ್ಲಿ, ಆಂಟ್‌ವರ್ಪಿನಲ್ಲಿ,
ಹೊಗೆ ಹೆಪ್ಪುಗಟ್ಟಿದ ನೆಲಮಾಳಿಗೆಗಳಲ್ಲಿ
ಗ್ಲಾಸಿನೊಳಗಿನ ಐಸು ಕೂಡ
ಸದ್ದಾಗದಂತೆ ಕರಗುತ್ತಿತ್ತು.
ಹನ್ನೊಂದು ಎಲ್‌ಪಿ, ಎರಡು ಮದುವೆ,
ಹಿಂಬಾಗಿಲಿಂದ ಜಾರಿದ ಮ್ಯಾನೇಜರುಗಳು ಲೆಕ್ಕಕ್ಕಿಲ್ಲ.
ಒಂದು ವರ್ಷ ಡೇಟನ್ನಿನ ಹೋಟೆಲಿನಲ್ಲಿ
ಉಣ್ಣುವವರ ನಡುವೆ ನಿಂತು ಹಾಡಿದಳು.
ಬಟಾಣಿ ಸೂಪು ಆರಿದ್ದರೆ ವಾಪಸು ಕಳಿಸುತ್ತಿದ್ದರು,
ಅವಳನ್ನು ಅಷ್ಟೂ ಗಮನಿಸಲಿಲ್ಲ.

ಅರವತ್ತೆಂಟಕ್ಕೆ ಒಂದು ರಾತ್ರಿ ಫೋನು:
"ಲೆಮ್, ಗ್ಯಾರಿಗೆ ಹೋಗೋಣ.
ಅಮ್ಮನ ಹಾಡು ರೆಕಾರ್ಡ್ ಮಾಡಬೇಕು.
ಸ್ಟುಡಿಯೋ ಬೇಡ."

ಗ್ಯಾರಿ ಉಕ್ಕಿನ ಊರು. ಕುಲುಮೆ ಆರಿದ ಬೀದಿಯಲ್ಲಿ
ಕಿಟಕಿಗೆ ಹಲಗೆ ಬಡಿದ ಮನೆಗಳು
ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿವೆ.
ಚರ್ಚು ಮೊದಲು ಚಪ್ಪಲಿ ಅಂಗಡಿ,
ತೇವ ಹೆಚ್ಚಾದ ದಿನ ಈಗಲೂ ತೊಗಲಿನ ವಾಸನೆ.
ಅಲ್ಲಿ ಶನಿವಾರ ಸಂಜೆ ಅವಳಮ್ಮ
ಮೇಳದ ಮೂವತ್ತು ನಿಲುವಂಗಿಗೆ ಇಸ್ತ್ರಿ ಹಾಕುತ್ತ
ಬಾಯಿ ಮುಚ್ಚಿ ಗುನುಗುತ್ತಿದ್ದಳಂತೆ.
ಆ ಹಾಡಿಗೆ ಮಾತಿಲ್ಲ.
ಇದ್ದಿರಬಹುದು, ಹಬೆಯೊಂದಿಗೆ ಹೋಗಿರಬಹುದು.

ಹತ್ತೊಂಬತ್ತಕ್ಕೆ ಮಗಳು ಕ್ಲಬ್ಬಿನ ಮೆಟ್ಟಿಲಿಳಿದಳು.
ಮೇಳದ ಪುಸ್ತಕದಲ್ಲಿ ಹೆಸರು ಹೊಡೆದರು,
ಸ್ಕೇಲ್ ಇಟ್ಟು, ನೆಟ್ಟಗೆ.
ಹೊಡೆದಾಕೆ ಮದರ್ ಓಸಿಯೋಲಾ ಗ್ರಿಗ್ಸ್.
ಈಗ ತೊಂಬತ್ತೊಂದು. ಕರೆಯದೆ ಬಂದು
ಮೊದಲ ಬೆಂಚಿನಲ್ಲಿ, ಬಿಳಿ ಕೈಗವಸು,
ಮಡಿಲಲ್ಲಿ ಮಗುವಿನಂತೆ ಕೈಚೀಲ.

ಫೆಬ್ರವರಿ. ಗೋಡೆಯ ಹಬೆಕೊಳವೆ
ಠಕ್, ಠಕ್ ಎಂದು ಕುಟ್ಟುತ್ತಿದೆ.
ಯಂತ್ರದ ಹುಡುಗ ಡಿಶಾನ್ ಹೆಡ್‌ಫೋನು ಕಿತ್ತು
"ಇದನ್ನು ನಿಲ್ಲಿಸಿ" ಎಂದ.
ನಿಲ್ಲಿಸಿದರೆ ಸೋಮವಾರದವರೆಗೆ ಹತ್ತದು
ಎಂದ ಕಾವಲುಗಾರ.

ಮೊದಲ ಸಲ ಹಾಡು ದಾರಿ ಬಿಟ್ಟಿತು.
ಎರಡನೆಯ ಸಲ ಅವಳೇ ಬಿಟ್ಟಳು.
ಮಾತಿಲ್ಲದ ಹಾಡಿನಲ್ಲಿ
ತಡವಾಗಿ ಹತ್ತಲು ಬಾಗಿಲೆಲ್ಲಿ?
ಥರ್ಮಾಸಿನ ಮುಚ್ಚಳ ತಿರುಗಿಸುತ್ತ ಹೇಳಿದಳು:
"ಅಮ್ಮ ಹೋದಾಗ ಆಂಟ್‌ವರ್ಪಿನಲ್ಲಿ ಹಿಮ.
ನಾನು ಇಳಿಯುವಷ್ಟರಲ್ಲಿ ಮಣ್ಣು ಸಮ ಮಾಡಿದ್ದರು.
ನಾನು ತಡಮಾಡುವುದನ್ನು ಕೇಳಲು
ಜನ ಟಿಕೆಟ್ ಕೊಳ್ಳುತ್ತಾರೆ, ಲೆಮ್."
ಆಮೇಲೆ ಕಾಫಿ ಕುಡಿಯಲಿಲ್ಲ.

ಬೆಂಚಿನಿಂದ ಒಣ ದನಿ:
"ನಿಮ್ಮಮ್ಮನೂ ಹಾಗೆಯೇ.
ಇಡೀ ಮೇಳವನ್ನು ಹಿಂದಕ್ಕೆ ಜಗ್ಗುವಳು.
ನಾನು ಗದರಿದರೆ,
'ಇಸ್ತ್ರಿ ಭಾರ, ತೋಳು ಬಂದಾಗ ದನಿ ಬರುತ್ತದೆ' ಎನ್ನುವಳು."
ಹೇಳಿ, ಕೈಗವಸು ತೆಗೆದು,
ಬೆರಳು ಬೆರಳಾಗಿ ತೆಗೆದು,
ಚಪ್ಪಾಳೆ ತಟ್ಟಿದರು. ಒಂದು. ಇನ್ನೊಂದು.
ನಡುವೆ ಒಂದು ನಿಲುವಂಗಿಯಷ್ಟು ಅಗಲದ ಜಾಗ.

ವರ್ಲೀನಳ ಬಲಗೈ ಗಾಳಿಯಲ್ಲಿ
ಮುಂದೆ ಹೋಯಿತು, ಹಿಂದೆ ಬಂತು.
ತುಟಿ ಬಿಚ್ಚಲಿಲ್ಲ.
ನಾನು ಮೀಟಬೇಕಾಗಿತ್ತು, ಮೀಟಲಿಲ್ಲ,
ಬಾಸಿನ ಹೆಗಲಿಗೆ ಒರಗಿ ನಿಂತೆ.
ಅದರ ಮರದೊಳಗೆ ಅವಳ ಗುನುಗು
ಮನೆ ಹುಡುಕುವ ಜೇನಿನಂತೆ ತಿರುಗುತ್ತಿತ್ತು.
ತಾಳ ಹಿಡಿದದ್ದು ಕೊಳವೆ.

ಆ ತಟ್ಟೆಯಲ್ಲಿ ಅದು ಈಗಲೂ ಇದೆ, ಠಕ್, ಠಕ್.
ಅಳಿಸುತ್ತೇನೆಂದ ಡಿಶಾನನಿಗೆ
ಅವಳು ಬರೀ ತಲೆಯಾಡಿಸಿದಳು, ಬೇಡವೆಂದು.

ಎಲ್ಲ ಮುಗಿದು ವಯರು ಸುತ್ತುವಾಗ
ಮದರ್ ಗ್ರಿಗ್ಸ್ ಎದ್ದರು.
"ಆ ಪುಸ್ತಕ ಎಲ್ಲಿದೆಯೋ, ನೆಲಮಾಳಿಗೆಗೆ ನೀರು ನುಗ್ಗಿದಾಗ
ಹೋಗಿರಬೇಕು."
ಯಾರೂ ಕೇಳಿರಲಿಲ್ಲ.
"ನನ್ನನ್ನು ಮನೆಗೆ ಯಾರು ಬಿಡುತ್ತೀರಿ?
ಹಿಂದಿನ ಸೀಟು ನನಗಾಗದು,"
ಎನ್ನುತ್ತ ಒಂದು ಕೈಗವಸು ಬೆಂಚಿನ ಮೇಲೇ ಮರೆತು
ಬಾಗಿಲ ಕಡೆ ಹೊರಟರು.