ತುದಿ

ಬೆಳಗಿನ ನಾಲ್ಕು. ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಗೇಟು.
ಟೆಂಪೋ ಹಿಂದಕ್ಕೆ ಬರುತ್ತಿತ್ತು, ನೀನು ಮಲಗಿದ್ದೆ.
ಡ್ರೈವರು ಇಳಿದು ನೋಡಿದನಂತೆ. ನೋಡಿ ಹತ್ತಿದನಂತೆ.
ಮಿಕ್ಕದ್ದೆಲ್ಲ ಹೆಬ್ಬಾಳದ ಆಸ್ಪತ್ರೆಯ ಚೀಟಿಯಲ್ಲಿದೆ:
ಸೊಂಟ ಎರಡು ಕಡೆ, ತೊಡೆ ಒಂದು ಕಡೆ,
ಒಳಗೊಂದು ತಗಡು, ಏಳು ತಿರುಪು.
ಕೊನೆಯದನ್ನು ಡಾಕ್ಟರಮ್ಮ ಬರೆಯದೆ ಬಾಯಲ್ಲೇ ಹೇಳಿದರು:
ಹಿಂದಿನ ಎಡಗಾಲಿನ ಬೆರಳಿಗೆ ನೋವು ಗೊತ್ತಾಗುತ್ತಿಲ್ಲ,
ದಿನಾ ಚಿವುಟಿ ನೋಡು, ಮುನಿರತ್ನಾ.

ನೋವು ಗೊತ್ತಾಗದಿರುವುದೂ ಒಂದು ಕಾಯಿಲೆಯೇ?
ಇಪ್ಪತ್ತೆರಡು ವರ್ಷ ಕುದಿನೀರಲ್ಲಿ ಕೈ ಅದ್ದಿ
ಗೂಡಿನ ಎಳೆ ಹುಡುಕಿದ ಬೆರಳು ನನ್ನವು.
ಟೀ ಲೋಟ ಸುಡುವುದು ತುಟಿಗೆ ಮಾತ್ರ.

ಸಿಕ್ಕೂ,
ಹಾಳು ನೂಲಿನ ಗುಡ್ಡೆಯಲ್ಲಿ ಸಿಕ್ಕಿದ್ದೆ ನೀನು, ಅಂಗೈಯಷ್ಟು,
ಬೇಸಿನ್ನಿನ ಬೆಂದ ಹುಳ ತಿಂದು ಬೆಳೆದೆ.
ಈಗ ಹದಿನಾರು ಕೆಜಿ.
ಎತ್ತಿದವಳ ಸೊಂಟವನ್ನೂ ಕೇಳಬೇಕು ಡಾಕ್ಟರಮ್ಮ.

ಮೊದಲ ಮೂರು ದಿನ ಐಸು, ಟವೆಲ್ಲಿನಲ್ಲಿ ಸುತ್ತಿ.
ಕ್ಯಾಂಡಿ ಅಂಗಡಿಯ ನಯಾಜ್ ದುಡ್ಡು ಮುಟ್ಟಲಿಲ್ಲ.
ನಾಲ್ಕರಿಂದ ಬಿಸಿ. ಎಷ್ಟು ಬಿಸಿ?
ಬೆರಳನ್ನು ನಂಬುವಂತಿಲ್ಲ; ಮೊಣಕೈ ಅದ್ದಿ ನೋಡಿದೆ,
ಕೂಸಿಗೆ ನೀರೆರೆಯುವ ಮುಂಚೆ ನೋಡುವ ಹಾಗೆ.

ಹುಳು ಹಾಕದ ಹಳೆ ಚಂದ್ರಿಕೆಗಳೇ ನಿನಗೆ ಬೇಲಿ,
ಎದ್ದು ಓಡಬಾರದಲ್ಲ. ಓಡುವಂತಿದ್ದರೆ!
ನಾಲ್ಕು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು,
ರಾತ್ರಿ ಎರಡಕ್ಕೂ.
ಹೊಟ್ಟೆ ಮೆಲ್ಲಗೆ ಒತ್ತಿ ಉಚ್ಚೆ ಹೊಯ್ಯಿಸಬೇಕು.
ಆಗ ನೀನು ಮುಖ ಆಚೆ ತಿರುಗಿಸಿಕೊಳ್ಳುತ್ತೀಯ,
ನಾನೂ.

ಕಾಲು ಮಡಿಸು, ಚಾಚು. ಮಡಿಸು, ಚಾಚು.
ಸೈಕಲ್ ತುಳಿದ ಹಾಗೆ, ಹದಿನೈದು ಸಲ, ಬಲವಂತ ಬೇಡ.
ಅದನ್ನು ನನಗೆ ಹೇಳಿಕೊಡಬೇಕಿಲ್ಲ,
ಎಷ್ಟು ಜಗ್ಗಿದರೆ ಹರಿಯುತ್ತದೆಂದು
ಚರಕ ತಿರುಗಿಸಿದ ಕೈಗೆ ಗೊತ್ತು.

ಖಲೀಲ್ ಸಾಬರು ಒಳಗೆ ಬರುವುದಿಲ್ಲ,
ವಜೂ ಮಾಡಿದ ಮೈ, ಹೊಸ್ತಿಲಾಚೆ ನಿಲ್ಲುತ್ತಾರೆ.
'ಇವತ್ತು?' ಎನ್ನುತ್ತಾರೆ.
'ಇಲ್ಲ ದಣಿ.'
ಅಷ್ಟೇ ಮಾತು. ಆದರೆ ಸಂಜೆ ಒಲೆ ಆರಿಸುವುದಿಲ್ಲ,
ನಿನ್ನ ಬಿಸಿನೀರಿಗೆಂದು ಒಂದು ಕೊಳ್ಳಿ ಉಳಿಸುತ್ತಾರೆ.

ಏಳನೆಯ ದಿನದಿಂದ ನಿಲ್ಲುವ ಪಾಠ.
ಹಳೆ ಸೀರೆ ಹೊಟ್ಟೆಯಡಿ ಹಾಯಿಸಿ ನಾನು ಎತ್ತಿ ಹಿಡಿಯುವುದು,
ಅತ್ತೆ ಎಣಿಸುವುದು, ಹತ್ತರವರೆಗೆ, ತೆಲುಗಿನಲ್ಲಿ:
ಒಕಟಿ, ರೆಂಡು, ಮೂಡು...
ನಿನ್ನ ಕಾಲು ನಡುಗಿತೋ
ಆರರಿಂದ ನೇರ ಹತ್ತಕ್ಕೆ ಹಾರುತ್ತಾಳೆ ಮುದುಕಿ.
'ಯಾಕತ್ತೆ, ಏಳು ಎಲ್ಲಿ ಹೋಯಿತು?'
'ಏಳಲಾರದವನಿಗೆ ಏಳು ಯಾಕೆ?'
ಬಯ್ಯಬೇಕೆಂದುಕೊಂಡೆ, ನಗು ಬಂತು, ಸೀರೆ ಸಡಿಲಾಯಿತು,
ನೀನು ಅರೆಕ್ಷಣ ನಿಂತೇ ಇದ್ದೆ.
ಅರೆಕ್ಷಣವೋ, ಅದಕ್ಕೂ ಕಮ್ಮಿಯೋ. ಆಮೇಲೆ ಕುಸಿದೆ.

ಬೆಂದ ಗೂಡಿನ ಮೇಲೆ ಎಳೆ ಕಾಣುವುದಿಲ್ಲ.
ಕುಂಚದಿಂದ ಸವರಬೇಕು, ಮತ್ತೆ ಸವರಬೇಕು,
ಬರುವುದೆಲ್ಲ ಜುಂಗು. ಬಿಸಾಡಬೇಕು.
ಯಾವಾಗಲೋ ಒಂದು, ನಿಜವಾದದ್ದು, ಬೆರಳಿಗೆ ಅಂಟುತ್ತದೆ,
ಕಣ್ಣಿಗಲ್ಲ.
ಅಲ್ಲಿಂದಾಚೆ ನೂರಾರು ಮೀಟರು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹನ್ನೊಂದನೆಯ ದಿನ ಮಧ್ಯಾಹ್ನ, ಕರೆಂಟು ಹೋಗಿ
ಚರಕಗಳೆಲ್ಲ ನಿಂತ ಸದ್ದಿಲ್ಲದ ಹೊತ್ತು,
ಬೆರಳ ಸಂದಿ ಒರೆಸಿ, ಅಭ್ಯಾಸಕ್ಕೆಂಬಂತೆ ಚಿವುಟಿದೆ.
ಕಾಲು ಸರಕ್ಕನೆ ಒಳಗೆ ಹೋಯಿತು.
ಹೋಯಿತೇ? ಇನ್ನೊಮ್ಮೆ ಚಿವುಟಿದೆ, ಜೋರಾಗಿ.
ನೀನು ತಿರುಗಿ ನನ್ನ ಕೈ ಕಚ್ಚಿಬಿಟ್ಟೆ.

'ದಣೀ!' ಎಂದು ಕೂಗಿದವಳು ನಾನೋ, ಅತ್ತೆಯೋ.
ಸಾಬರು ಹೊಸ್ತಿಲು ದಾಟಿಯೇ ಬಂದರು, ಬರಿಗಾಲಲ್ಲಿ.
ನೆಲದ ಮೇಲಿನ ಕೆಂಪು ಹನಿ ಯಾರದೆಂದು ಹುಡುಕಿದವಳು ಅತ್ತೆ.
'ನಿಂದೇ ಕಣೇ. ಮೊದಲು ತೊಳಿ, ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೋ.'

ನಲ್ಲಿಯಡಿ ಹಿಡಿದು ಸೋಪು ಹಚ್ಚಿದೆ.
ಉರಿಯಿತು.
'ಉರೀತಿದೆ' ಅಂದೆ, ಗಟ್ಟಿಯಾಗೇ ಅಂದೆ.
ಯಾರೂ ಕೇಳಿಸಿಕೊಳ್ಳಲಿಲ್ಲ,
ಮೂವರೂ ಬಗ್ಗಿ
ನಿನ್ನ ಕಾಲು ನೋಡುತ್ತಿದ್ದರು, ನೀನೂ ಸೇರಿ.