ತಮ್ಮನ ಸಕ್ಕರೆ

ಮಾತು ಬಿಟ್ಟು ನಾಲ್ಕು ವರ್ಷ.
ಆದರೂ ಅವನ ನೆತ್ತರಿನ ಲೆಕ್ಕ
ಐದೈದು ನಿಮಿಷಕ್ಕೊಮ್ಮೆ ನನ್ನ ಫೋನಿಗೆ ಬರುತ್ತದೆ:
ಒಂದು ಅಂಕಿ, ಪಕ್ಕದಲ್ಲೊಂದು ಬಾಣ.

ಅಪ್ಪನ ದೋಣಿಯನ್ನು ನನಗೆ ಹೇಳದೆ ಮಾರಿದ.
ಹೇಳಿದ್ದರೆ ನಾನೇ ಗಿರಾಕಿ ಹುಡುಕಿ ಕೊಡುತ್ತಿದ್ದೆ,
ಅದು ಬೇರೆ ಮಾತು.
ಮೀನುಕಟ್ಟೆಯ ನಡುವೆ, ಎಲ್ಲರ ಎದುರು,
ನಾನು ಆಡಬಾರದ್ದು ಆಡಿದೆ, ಅವನೂ ಆಡಿದ.
ಮನೆಗೆ ಬಂದು ಫೋಟೊ ಅಳಿಸಿದೆ. ನಂಬರು ಅಳಿಸಿದೆ.
ಆ ಆ್ಯಪಿನ ಮೇಲೂ ಬೆರಳಿಟ್ಟು ಒತ್ತಿ ಹಿಡಿದೆ.
ಅದು ಗಡಗಡ ನಡುಗತೊಡಗಿತು.
ಬಿಟ್ಟುಬಿಟ್ಟೆ.

ಹಾಗೇ ಉಳಿದೆವು:
ವೆನ್ಸೆಸ್ಲಾವೊ ಗುಡ್ಡದ ನೆತ್ತಿಯಲ್ಲಿ, ನಾನು ಬಂದರಿನ ಬುಡದಲ್ಲಿ,
ನಡುವೆ ವಾಲ್ಪರೈಸೊದ ಬಣ್ಣ ಬಳಿದ ತಗಡುಗೋಡೆಗಳು,
ಯಾರ ಮನೆಯವೂ ಅಲ್ಲದ ನಾಯಿಗಳು.
ನೂರಾ ಹತ್ತು: ಊಟ ಆಗಿದೆ.
ನೂರಾ ಎಂಬತ್ತು: ಬ್ರೆಡ್ಡು ಹೆಚ್ಚಾಯಿತು, ಪೆದ್ದ.
ತೊಂಬತ್ತು, ಬಾಣ ಅಡ್ಡ ಮಲಗಿದೆ: ಅವನೂ ಮಲಗಿದ್ದಾನೆ.
ದಿನವಿಡೀ ತಕ್ಕಡಿಯೆದುರು ನಿಂತು ಅಂಕಿ ಓದುವವಳು ನಾನು.
ರಾತ್ರಿಗೂ ಒಂದು ತಕ್ಕಡಿ.

ಜುಲೈ ಚಳಿ. ಎರಡೂ ನಲವತ್ತಕ್ಕೆ
ಸದ್ದಡಗಿಸಿಟ್ಟ ಫೋನು ಕೂಗಿಕೊಂಡಿತು.
ಐವತ್ತನಾಲ್ಕು. ಬಾಣ ಕೆಳಕ್ಕೆ.
ನಂಬರು ಅಳಿಸಿದ್ದೆ ಅಂದೆನಲ್ಲ,
ಬೆರಳಿಗೆ ಬಾಯಿಪಾಠವಿತ್ತು.
ರಿಂಗಾಯಿತು, ರಿಂಗಾಯಿತು, ನಿಂತಿತು.
ನಲವತ್ತೇಳು.
ಆಂಬುಲೆನ್ಸಿನವಳು ಕೇಳಿದಳು: ಯಾವ ರಸ್ತೆ?
ರಸ್ತೆ ಇಲ್ಲಮ್ಮ, ಮೆಟ್ಟಿಲು.
ಯಾವ ಮೆಟ್ಟಿಲು?
ಮುರಿದ ನಲ್ಲಿಯ ಪಕ್ಕದ್ದು, ಗೋಡೆ ಮೇಲೆ
ಒಕ್ಕಣ್ಣಿನ ತಿಮಿಂಗಿಲ ಬರೆದದ್ದು.
ಬರೆದುಕೊಂಡಳೋ ಇಲ್ಲವೋ.

ಗುಡ್ಡ ಹತ್ತಿಸುವ ಲಿಫ್ಟಿಗೆ ರಾತ್ರಿ ಬೀಗ.
ರಾತ್ರಿಯಂಗಿಯ ಮೇಲೆ ಮೀನಿನ ಏಪ್ರನ್ನು,
ಏಪ್ರನ್ನಿನ ಜೇಬಲ್ಲಿ ಜೇನಿನ ಸೀಸೆ,
ಮೊಣಕಾಲಿಗೆ ಐವತ್ತೆಂಟು ವರ್ಷ.
ಎಂಬತ್ತನೆಯ ಮೆಟ್ಟಿಲಲ್ಲಿ ಅಂಕಿ ಅಳಿದು
'ತೀರಾ ಕಡಿಮೆ' ಎಂಬ ಅಕ್ಷರ ಉಳಿಯಿತು.
ನೂರಾ ಮೂವತ್ತರಲ್ಲಿ ಸಿಗ್ನಲ್ಲೂ ಸತ್ತು
ಎರಡು ಗೀಟು, ಅಷ್ಟೆ.
ನಾಲ್ಕು ವರ್ಷದಲ್ಲಿ ಮೊದಲ ಸಲ
ಅವನು ಹೇಗಿದ್ದಾನೆಂದು ನನಗೆ ಗೊತ್ತಿರಲಿಲ್ಲ.

ಒಂದು ನಾಯಿ ಜೊತೆಗೆ ಹತ್ತಿತು, ಮೀನಿನ ವಾಸನೆಗೆ.

ಬೀಗದ ಕೈ ಅದೇ ಕುಂಡದ ಕೆಳಗೆ.
ಅಡುಗೆಮನೆಯ ನೆಲದ ಮೇಲೆ
ಬೆವರಲ್ಲಿ ಅದ್ದಿ ತೆಗೆದಂತಿದ್ದ.
ಅಮ್ಮನ ಹೆಸರಿಂದ ನನ್ನನ್ನು ಕರೆದ.
ಪಕ್ಕಕ್ಕೆ ಹೊರಳಿಸಿ, ಜೇನು ಅದ್ದಿದ ಬೆರಳಲ್ಲಿ ವಸಡು ತಿಕ್ಕಿದೆ.
ಕಚ್ಚಿದ.
ಕಚ್ಚಲಿ. ಕಚ್ಚಲು ಹಲ್ಲಿಗಾದರೂ ಎಚ್ಚರವಿತ್ತು.

ಸ್ಟ್ರೆಚರಿನ ಹುಡುಗರು ಏದುಸಿರು ಬಿಡುತ್ತ ಬರುವ ಹೊತ್ತಿಗೆ
ಅರವತ್ತೊಂದು, ಬಾಣ ಮೇಲಕ್ಕೆ.
ಅವರಿಗೆ ನಾನೇ ಕಾಫಿ ಕಾಯಿಸಿದೆ,
ಸಕ್ಕರೆ ಎಲ್ಲಿದೆ ಎಂದು ಯಾರನ್ನೂ ಕೇಳದೆ.

ಅವರು ಹೋದ ಮೇಲೆ ಗೋಡೆ ನೋಡುತ್ತ ಹೇಳಿದ:
'ನೀನು ನೋಡ್ತಿದ್ದೀಯ ಅಂತ ಗೊತ್ತಿತ್ತು, ಎಡೆಲ್ಮೀರಾ.
ಪಟ್ಟಿಯಲ್ಲಿ ನಿನ್ನ ಹೆಸರು ಹಾಗೇ ಇತ್ತು.
ನಿನ್ನ ಮೇಲೆ ಸಿಟ್ಟು ಬಂದ ರಾತ್ರಿ
ಎರಡೆರಡು ಅಲ್ಫಹೋರ್ ತಿಂದು ಮಲಗ್ತಿದ್ದೆ,
ನಿನ್ನ ಫೋನು ಕೂಗಲಿ ಅಂತ.'

ಹಾಲುಗೆನೆ ತುಂಬಿದ ಅಷ್ಟೊಂದು ಬಿಸ್ಕತ್ತು!
ಎಷ್ಟು ರಾತ್ರಿ ಎದ್ದು ಕೂತು ಬೈದಿದ್ದೆ.
ಅದೇ ನಮ್ಮ ಸಂಭಾಷಣೆ ಎಂದು ತಿಳಿದಿದ್ದರೆ
ಇನ್ನೂ ಚೆನ್ನಾಗಿ ಬೈಯಬಹುದಿತ್ತು.

ದೋಣಿಯ ಮಾತು ಇಬ್ಬರೂ ಎತ್ತಲಿಲ್ಲ.
ಲಾಂಚುಗಳು ಬರುವ ಹೊತ್ತಾಗಿತ್ತು. ಇಳಿದು ಬಂದೆ.

ಮಧ್ಯಾಹ್ನ ತಕ್ಕಡಿಯಲ್ಲಿ ಮೀನಿಟ್ಟಿದ್ದೆ,
ಏಪ್ರನ್ನಿನ ಜೇಬು ಕೂಗಿತು. ಬಾಣ ನೆಟ್ಟಗೆ ಆಕಾಶಕ್ಕೆ.
ಸಿಟ್ಟೋ, ಇನ್ನೇನೋ.
'ಎಷ್ಟಾಯ್ತು?' ಅಂದಳು ಗಿರಾಕಿ.
'ಇನ್ನೂರ ನಲವತ್ತು' ಅಂದುಬಿಟ್ಟೆ.
ತಕ್ಕಡಿ ನೋಡಿ ಅವಳು ಜಗಳಕ್ಕೆ ನಿಂತಳು.