ಹುಳಿ ಹಿಂಡುವ ಕಸುಬು

ಹುಳಿ ಹಿಂಡುವುದೇ ನನ್ನ ಕಸುಬು.
ಚೀಲದಲ್ಲಿ ಎರಡು ಕಿಲೋ ಸಿಟ್ರಿಕ್ ಪುಡಿ, ಮರದ ಸುತ್ತಿಗೆ,
ಮೊಣಕಾಲಿನಡಿ ಹಾಸಿಕೊಳ್ಳಲು ಹಳೇ ಟವೆಲು.
ಊರು ವ್ಯೂರ್ಟ್ಸ್‌ಬುರ್ಗ್. ಹೆಸರು ಗೆರ್ಲಿಂಡೆ ಶ್ರೌಟ್.
ವಾಷಿಂಗ್ ಮಷೀನು ನಿಂತಾಗ ನೆನಪಾಗುವ ಹೆಂಗಸು.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ
ಅನ್ನುವ ದೂರು ಇಲ್ಲಿಯ ನೀರಿನ ಮೇಲೆ ಹೊರಿಸುವಂತಿಲ್ಲ.
ಬೆಣ್ಣೆ ಯಾರಿಗೂ ಇಲ್ಲ.
ದ್ರಾಕ್ಷಿತೋಟದ ಒಡೆಯನ ಕಪ್ಪು ಕಲ್ಲಿನ ಬಚ್ಚಲು,
ಹಳಿಯಾಚೆಯ ಹಾಸ್ಟೆಲಿನಲ್ಲಿ ಹದಿನಾರು ಹುಡುಗರಿಗೊಂದು ಷವರು,
ಎರಡಕ್ಕೂ ಅದೇ ಬಿಳಿ ಗಡ್ಡ.
ಅರ್ಧ ತೂತು ಮುಚ್ಚಿ, ಉಳಿದರ್ಧದಿಂದ
ನೀರು ತಲೆ ಬಿಟ್ಟು ಗೋಡೆಗೆ ಹಾರುತ್ತದೆ
ಸಿಟ್ಟು ಬಂದ ಬೆಕ್ಕಿನ ಹಾಗೆ.

ಮನೆಯವರು ಹೇಳದ್ದನ್ನು ಸುಣ್ಣ ಹೇಳುತ್ತದೆ.
ಮಷೀನಿನ ಬೆನ್ನು ಬಿಚ್ಚಿ ಕಾಯಿಲ್ ಎಳೆದು
ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಉದುರುವ ಹಕ್ಕಳೆ:
ದಪ್ಪಗಿದ್ದರೆ ಕೂಸಿನ ವರ್ಷ, ಬಟ್ಟೆಯೆಲ್ಲ ಕುದಿಸಿದ್ದು.
ತೆಳ್ಳಗಿದ್ದರೆ ಕರೆಂಟ್ ಬಿಲ್ಲಿಗೆ ಹೆದರಿ
ತಣ್ಣೀರಲ್ಲೇ ಒಗೆದ ಚಳಿಗಾಲ.
ಇದು ವಿಜ್ಞಾನ ಅಲ್ಲ. ಅರ್ಧಕ್ಕರ್ಧ ತಪ್ಪುತ್ತದೆ.
ಒಮ್ಮೆ ಕೂಸು ಎಷ್ಟು ದೊಡ್ಡದಾಯಿತು ಅಂತ ಕೇಳಿದೆ.
ಗಂಡನಿಗೆ ಆರು ತಿಂಗಳು ಹಾಸಿಗೆಯಲ್ಲೇ ಎಲ್ಲ, ಎಂದಳು ಆಕೆ.
ಆಮೇಲೆ ಕೇಳುವುದು ಬಿಟ್ಟಿದ್ದೇನೆ.

ಗ್ಯೋಪ್ಫರ್ಟ್ ಮೇಷ್ಟರು, ನಿವೃತ್ತರು,
ಹೊಸ್ತಿಲ ಕಲ್ಲಿನಲ್ಲಿ ಹೂತ ಕಪ್ಪೆಚಿಪ್ಪು ತೋರಿಸಿ
ಈ ಗುಡ್ಡಗಳೆಲ್ಲ ಒಂದು ಕಾಲದಲ್ಲಿ ಕಡಲು, ಎಂದರು.
ಮಳೆ ಅದನ್ನು ಕರಗಿಸಿ ನಲ್ಲಿಗೆ ತರುತ್ತದೆ,
ನೀವು ದಿನಾ ಬೆಳಿಗ್ಗೆ ಕುದಿಸುವುದು ಸಮುದ್ರವನ್ನು, ಶ್ರೌಟ್ ಅಮ್ಮ!
ಸರಿ ಮೇಷ್ಟ್ರೇ. ಅರವತ್ತೆರಡು ಯೂರೋ ಆಯಿತು, ಎಂದೆ ನಾನು.

ಮೊನ್ನೆ ತ್ಸೆಲ್ಲರಾವ್, ಮೂರನೇ ಮಹಡಿ, ನಹ್ಲಾ ಸಬ್ಬಾಘ್.
ಸಿಂಕಿನ ಪಕ್ಕ ಇಟ್ಟಿಗೆಯಂಥ ಸೋಪು,
ಹೊರಗೆ ಕಂದು, ಒಳಗೆ ಹಸಿರು, ಅಲೆಪ್ಪೋದ್ದು.
ನನಗೆ ಉಪದೇಶದ ಚಟ:
ಈ ನೀರಿಗೆ ಅದು ನೊರೆ ಕೊಡುವುದಿಲ್ಲ, ಮೊಸರಾಗುತ್ತದೆ,
ಅಂಗಿಯ ಕಾಲರು ಬೂದಿಯಾಗುತ್ತದೆ.
ಗೊತ್ತು, ಎಂದಳು. ಅಲ್ಲೂ ಹೀಗೇ.
ತೊಟ್ಟಿಯ ಸುತ್ತ ಬೂದು ಗೆರೆ,
ಅದನ್ನು ತಿಕ್ಕುವ ಸರದಿಗೆ ನಾವು ಮೂವರು ಅಕ್ಕತಂಗಿಯರ ಜಗಳ.
ಬಂದ ಮೊದಲ ವಾರ, ಇಲ್ಲಿ ಆ ಗೆರೆ ಕಂಡಾಗ
ನೆಲದ ಮೇಲೆ ಕೂತುಬಿಟ್ಟೆ.
ಅತ್ತಳೋ ನಕ್ಕಳೋ ಹೇಳಲಿಲ್ಲ.

ಕಾಯಿಲ್ ತೊಳೆದೆ, ಮಷೀನು ತಿರುಗಿತು.
ಪುಡಿ ಒಂದು ಚಮಚ ಮಿಕ್ಕಿತ್ತು,
ಅಭ್ಯಾಸಬಲ, ಕೆಟಲಿಗೆ ಕೈ ಹಾಕಿದೆ, ಪುಕ್ಕಟೆ.
ಅವಳು ಮುಚ್ಚಳದ ಮೇಲೆ ಅಂಗೈ ಇಟ್ಟಳು.
ಅದು ಬೇಡ.
ಆರು ವರ್ಷದ ಸುಣ್ಣ ಇದು.
ಈ ದೇಶದಲ್ಲಿ ನನ್ನ ಕೈಯಲ್ಲಿ ಉಳಿತಾಯ ಆಗಿದ್ದು ಇಷ್ಟೇ.
ಹೇಳಿ ಜೋರಾಗಿ ನಕ್ಕಳು, ಚಹಾ ಕೊಟ್ಟಳು.
ಮೇಲೆ ಕೆರೆಯ ಮಂಜಿನಂಥ ಕೆನೆ, ಹಾಲಿಲ್ಲದ ಕೆನೆ,
ಮಾತಾಡುತ್ತಲೇ ಚಮಚದಲ್ಲಿ ಒಡೆದಳು.

ರಾತ್ರಿ ನನ್ನ ಬೆರಳಿನ ಬಿರುಕುಗಳಲ್ಲಿ ಹುಳಿ ಉರಿಯುತ್ತಿತ್ತು.
ಕಲ್ಲು ನೀರು ಕರಗುವ ಹೊತ್ತು ಅನ್ನುತ್ತಾರಲ್ಲ, ಅದೇ ಹೊತ್ತು.
ಕರಗಿದ್ದೇನೋ ಹೌದು,
ಕಾಣದ ಹಾಗೆ, ಲೋಟದಲ್ಲಿ ತಿಳಿಯಾಗಿ.
ಕುದಿ ಬಂದಾಗ ಮಾತ್ರ
ಕಲ್ಲಿಗೆ ನೆನಪಾಗುತ್ತದೆ ತಾನು ಕಲ್ಲು ಎಂದು.

ನನ್ನ ಕೆಟಲಿನ ಒಳಗೆ ಇಣುಕಿದೆ.
ಫಳಫಳ, ಹೊಸದರಂತೆ.
ಮೂವತ್ತೊಂದು ವರ್ಷದಿಂದ ಪ್ರತಿ ಭಾನುವಾರ ತೊಳೆದದ್ದು.
ನಾಳೆ ಭಾನುವಾರ.
ಪುಡಿ ತರಬೇಕು, ಚೀಲದಲ್ಲಿ ಮುಗಿದಿದೆ.